ಟ್ರಂಕಿನ ಆರನೆಯ ಚೀಟಿ

ನಿಘಂಟು ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಚೀಟಿಯಮ್ಮ ಎನ್ನುತ್ತಿದ್ದರು. ಇಂಗ್ಲಿಷ್ ಪದದ ಒಂದೊಂದು ಅರ್ಥಕ್ಕೂ ಒಂದು ಚೀಟಿ, ಅದರ ಕೆಳಗೆ ಅರ್ಥ ಹೇಳಿದವರ ಕಸುಬು. ಇಪ್ಪತ್ತಾರು ವರ್ಷ ಇದೇ ಕೆಲಸ. ಕುರ್ಚಿಗೆ ಅಂಟಿಕೊಂಡು ಹಳೆಯ ಪುಸ್ತಕ ನಕಲು ಮಾಡುವ ಜಾಯಮಾನ ಆಕೆಯದಲ್ಲ. ‘ಟ್ರಂಕ್’ ಬಂದಾಗ ಮರ ಕೊಯ್ಯುವವನ ಹತ್ತಿರ ಹೋಗಿ ಬೊಡ್ಡೆ ಎಂದು ಬರೆದುಕೊಂಡಳು. ಸೊಂಡಿಲು ಹಾಲುಗಲ್ಲದ ಮಕ್ಕಳಿಗೂ ಗೊತ್ತು, ಆದರೂ ಆನೆ ಮೇಯಿಸುವವನನ್ನು ಕೇಳದೆ ಬಿಡಲಿಲ್ಲ. ತಗಡಿನ ಪೆಟ್ಟಿಗೆಯ ಅರ್ಥವನ್ನು ಅದನ್ನು ಬಡಿಯುವವನೇ ಹೇಳಿದ, ಕಾರಿನ ಡಿಕ್ಕಿಯನ್ನು ಮೆಕ್ಯಾನಿಕ್. ತಲೆ, ಕೈ, ಕಾಲು ಬಿಟ್ಟು ಉಳಿದ ಮೈ ಎಂದು ನರ್ಸ್ ತನ್ನ ಮೈ ಮುಟ್ಟಿಯೇ ತೋರಿಸಿದಳು.

ಆರನೆಯ ಚೀಟಿ ಸ್ವಂತ ಅಕ್ಕನದು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿಂದೂರಿಗೆ ಫೋನ್ ಜೋಡಿಸಿಕೊಡುವ ಟ್ರಂಕ್ ಆಪರೇಟರ್. ಒಂದೂರಿನ ಹೆರಿಗೆಯ ಸುದ್ದಿಯಾಗಲಿ ಸಾವಿನ ಸುದ್ದಿಯಾಗಲಿ ಇನ್ನೊಂದೂರಿಗೆ ಆಕೆಯ ಕೈ ದಾಟಿಯೇ ಹೋಗಬೇಕಿತ್ತು. ಹೆಡ್‌ಫೋನ್ ಹಾಕಿ ಹಾಕಿ ಎಡಗಿವಿ ಮಂದವಾಯಿತು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಆ ಕೆಲಸವನ್ನು ಕೇಳುವ ನಾಯಿಯೂ ಇರಲಿಲ್ಲ. ತಂಗಿ ಚೀಟಿ ಬರೆದ ದಿನ ಅಕ್ಕ, “ನಮ್ಮ ಕೆಲಸಾನೂ ಪುಸ್ತಕದಲ್ಲಿ ಬರುತ್ತೇನೇ?” ಎಂದು ಮೂರು ಸಲ ಕೇಳಿದ್ದಳು.

ಪುಟದ ಕರಡು ಬಂತು. ಟ್ರಂಕಿಗೆ ಐದೇ ಅರ್ಥ! ಚೀಟಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೇರ ಹೊಸ ಸಂಪಾದಕರ ಕೋಣೆಗೆ ನುಗ್ಗಿದಳು.

“ಟ್ರಂಕ್ ಕಾಲ್ ಎಲ್ಲಿ ಸಾರ್?”

“ಅದು ಸತ್ತ ಅರ್ಥ ಅಲ್ವೇನಮ್ಮಾ? ಈಗ ಯಾರು ಟ್ರಂಕ್ ಕಾಲ್ ಮಾಡ್ತಾರೆ? ಒಂದು ಸಾಲು ಉಳೀತು.”

“ಡೈನೋಸಾರು ಬದುಕಿದೆಯಾ ಸಾರ್? ಅದಕ್ಕೆ ನಾಲ್ಕು ಸಾಲು ಕೊಟ್ಟಿದ್ದೀರಲ್ಲ!”

ಸಂಪಾದಕರು ಕನ್ನಡಕ ಒರೆಸಿಕೊಂಡರು. ಉತ್ತರವಿಲ್ಲದ ದೊಡ್ಡವರಿಗೆ ಕನ್ನಡಕ ಯಾವಾಗಲೂ ಕೊಳೆಯಾಗಿಯೇ ಇರುತ್ತದೆ.

ಚೀಟಿ ಬರೆದವರ ಸಹಿಯಿಲ್ಲದೆ ಪುಟ ಅಚ್ಚಿಗೆ ಹೋಗುವಂತಿರಲಿಲ್ಲ. “ನಾನು ಸಹಿ ಹಾಕಲ್ಲ” ಎಂದಳು ಚೀಟಿಯಮ್ಮ.

“ಒಂದು ಸಾಲಿಗೆ ಇಷ್ಟು ಹಟವೇ? ಪುಟದಲ್ಲಿ ಜಾಗ ಎಲ್ಲಿದೆ ಹೇಳಿ.”

“ಜಾಗ ನಾನು ಕೊಡ್ತೀನಿ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿದೆ, ಅದೂ ಒಂದು ಸಾಲೇ. ಅದನ್ನ ತೆಗೀರಿ, ಅಕ್ಕನ ಅರ್ಥ ಹಾಕಿ. ಅವಳು ಒಂದು ಕಿವಿ ಕೊಟ್ಟು ಕಲಿತ ಅರ್ಥ ಸಾರ್ ಅದು.” ಆಕೆಗೆ ಅಳು ಬಂದದ್ದಕ್ಕೂ ಸಿಟ್ಟೇ ಬಂತು.

“ಆಯ್ತಮ್ಮಾ, ನೋಡೋಣ” ಎಂದು ಸಂಪಾದಕರು ಅದನ್ನು ಬರೆದುಕೊಂಡರು.

ಮರುವಾರ, ಒಂದು ಚೀಟಿಯನ್ನೂ ಬರೆಯದ ಯಾರೋ ಪುಟಕ್ಕೆ ಸಹಿ ಹಾಕಿದರು. ನಿಘಂಟು ಹೊರಬಂದ ದಿನ ಚೀಟಿಯಮ್ಮ ನಿಂತಲ್ಲೇ ಪುಟ ತಿರುವಿದಳು. ಟ್ರಂಕಿಗೆ ಐದೇ ಅರ್ಥ. ಕೃತಜ್ಞತೆಯ ಪುಟದಿಂದ ಆಕೆಯ ಹೆಸರನ್ನು ಮಾತ್ರ ಮರೆಯದೆ ತೆಗೆದಿದ್ದರು.