ಮಣೆಯ ಮೇಲೆ ಕೌಜುಗ

ನಿವೃತ್ತಿಯ ನಂತರ ಮರುಉದ್ಯೋಗ ದೊರೆತದ್ದು ನನಗಲ್ಲ, ನಮ್ಮ ಮನೆಯ ಸಜ್ಜದ ಮೇಲಿದ್ದ ಹಲಸಿನ ಮರದ ಮಣೆಗೆ. ಕಾಲೇಜಿನಲ್ಲಿ ಹಳಗನ್ನಡ ಪದ್ಯಗಳ ಅನ್ವಯ ಬಿಡಿಸುತ್ತ ಆಯುಷ್ಯ ಸವೆಸಿದ ನನ್ನನ್ನು ಯಾರೂ ಮತ್ತೆ ಕರೆಯಲಿಲ್ಲ. ಆದರೆ ಹಿಡಿ ಮುರಿದ ಕುಕ್ಕರು, ಚಕ್ರವಿಲ್ಲದ ಸೂಟ್‌ಕೇಸು, ಬಾಗಿನದ ಹಳೆಯ ಮೊರಗಳ ನಡುವೆ ಬೋರಲಾಗಿ ಮಲಗಿದ್ದ ಆ ಮಣೆಯನ್ನು ನನ್ನ ಮಗಳು ಸಿಂಚನ ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿಸಿ, ಉಜ್ಜಿ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಗ್ರೇಜಿಂಗ್ ಬೋರ್ಡ್ ಎಂಬ ಹುದ್ದೆಗೆ ನೇಮಿಸಿಕೊಂಡಳು. ಸಂದರ್ಶನವನ್ನೂ ಮಾಡಲಿಲ್ಲ.

ಗ್ರೇಜಿಂಗ್ ಬೋರ್ಡ್ ಎಂದರೇನೆಂದು ನಿಮಗೆ ತಿಳಿಯದಿದ್ದರೆ ಸಂಕೋಚ ಬೇಡ, ಆ ಬೆಳಿಗ್ಗೆಯವರೆಗೆ ನನಗೂ ತಿಳಿದಿರಲಿಲ್ಲ. ಅಗಲವಾದ ಮರದ ಹಲಗೆಯ ಮೇಲೆ ಮಾಂಸ, ಹಣ್ಣು, ಚೀಸು, ಬ್ರೆಡ್ಡು, ಕಾಳುಬೀಜಗಳನ್ನು ಒಂದಂಗುಲವೂ ಖಾಲಿ ಕಾಣದಂತೆ ಜೋಡಿಸಿಡುವುದು. ಬಂದವರು ಅದರ ಸುತ್ತ ನಿಂತು, ಲೋಕಾಭಿರಾಮ ಮಾತಾಡುತ್ತ, ತಮಗೆ ಬೇಕಾದ್ದನ್ನು ತಾವೇ ಎತ್ತಿಕೊಂಡು ಬಾಯಾಡಿಸುವುದು. ಎಲೆಯಿಲ್ಲ, ಪಂಕ್ತಿಯಿಲ್ಲ, ಬಡಿಸುವವರೂ ಇಲ್ಲ. ಮೇಯುವುದು ಎಂದೇ ಅದಕ್ಕೆ ಹೆಸರು. ಕುರುಬರಹಳ್ಳಿಯ ನಮ್ಮ ಈ ಜಾಗ ತಾತನ ಕಾಲದಲ್ಲಿ ದನ ಮೇಯುವ ಬಯಲಾಗಿತ್ತು. ಈಗ ಅಲ್ಲೇ ಮೂರಂತಸ್ತು ಕಟ್ಟಿಸಿ, ತಾರಸಿಯ ಮೇಲೆ ನಿಂತು ನಾವೇ ಮೇಯುವುದು ಪೂರ್ವಿಕರಿಗಲ್ಲದಿದ್ದರೂ ಪೂರ್ವಿಕರ ದನಗಳಿಗೆ ಸಲ್ಲಿಸುವ ಗೌರವವೆಂದು ಭಾವಿಸಿ ನಾನು ಒಪ್ಪಿಗೆ ಕೊಟ್ಟೆ.

ಇಂಥ ಹಲಗೆಯ ನಟ್ಟನಡುವೆ ಕೆಂಡದಲ್ಲಿ ಸುಟ್ಟ ಬೇಟೆಯ ಮಾಂಸವಿರಬೇಕೆಂಬುದು ಸಿಂಚನ ಫೋನಿನಲ್ಲಿ ಕಂಡುಕೊಂಡಿದ್ದ ಶಾಸ್ತ್ರ. ತಾತ ರಾಗಿ ಕೊಯ್ದ ಹೊಲದಲ್ಲಿ ಬಲೆ ಹಾಸಿ ಕೌಜುಗ ಹಿಡಿಯುತ್ತಿದ್ದ ಕಥೆಗಳನ್ನು ಕೇಳಿ ಬೆಳೆದ ನನ್ನ ರಕ್ತದಲ್ಲಿ ಬೇಟೆಗಾರನೊಬ್ಬ ಅಡಗಿದ್ದಾನೆಂದು ನಾನು ಬಹುಕಾಲದಿಂದ ನಂಬಿದ್ದೆ. ನಾಗರಬಾವಿಯಲ್ಲಿ ಕಾನೂನು ಓದುತ್ತಿರುವ ಮಗಳು, ಕಾಡಿನದನ್ನು ಮುಟ್ಟಿದರೆ ಆಗುವ ಶಿಕ್ಷೆಯನ್ನು ಸವಿವರವಾಗಿ ಹೇಳಿ ಅವನನ್ನು ಎದ್ದಲ್ಲೇ ಕೂರಿಸಿದಳು. ಹೀಗಾಗಿ ನನ್ನ ಬೇಟೆ ವಿಜಯನಗರದ ಮಾಂಸದಂಗಡಿಯೊಂದರ ಏಸಿಯ ತಂಪಿನಲ್ಲಿ ನಡೆಯಿತು. ಬೇಟೆಗಾರನಿಗೆ ತಾಳ್ಮೆ ಮುಖ್ಯವೆನ್ನುತ್ತಾರೆ. ನಾನು ಟೋಕನ್ ಹಿಡಿದು ಬಹಳ ಹೊತ್ತು ಹೊಂಚು ಹಾಕಿ ಕೂತಿದ್ದೆ. ಕೊನೆಗೂ ಫಾರಂನಲ್ಲಿ ಸಾಕಿದ, ಅಂಗೈಯಗಲದ ಕೌಜುಗದ ಹಕ್ಕಿಗಳು ನನ್ನ ಚೀಲಕ್ಕೆ ಬಿದ್ದವು, ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪೂ ಬಂತು.

ಇಷ್ಟೆಲ್ಲ ಸಡಗರ ಕೆಂಗೇರಿಯಲ್ಲಿರುವ ನಮ್ಮ ಭಾವನಿಗಾಗಿ, ಎಂದರೆ ನನ್ನ ಅಕ್ಕ ಜಯಮ್ಮನ ಗಂಡನಿಗಾಗಿ. ಹಳೆಯ ಹೆಂಚಿನ ಮನೆ ಕೆಡವಿ ಈ ಮನೆಯ ಗೃಹಪ್ರವೇಶ ಮಾಡಿದಾಗ, ಕಾಲಕ್ಕೆ ತಕ್ಕಂತೆ ಕೋಲ ಎಂದುಕೊಂಡು ಬಫೆ ಇಡಿಸಿದ್ದೆವು. ಮನೆಯ ಹಿರಿಯ ಅಳಿಯನನ್ನು ನಮ್ಮಲ್ಲಿ ಕೈಗೆ ನೀರು ಕೊಟ್ಟು, ಊಟಕ್ಕೆ ಏಳಿ ಎಂದು ಕರೆದು, ಎಲೆಯ ಮುಂದೆ ಕೂರಿಸಿ, ಅವರು ಎರಡೂ ಕೈ ಅಡ್ಡ ಹಿಡಿದು ಸಾಕೆನ್ನುವವರೆಗೂ ಬಡಿಸಬೇಕು. ಆ ದಿನ ಅಡುಗೆ ಕಂಟ್ರಾಕ್ಟಿನವರು ಭಾವನ ಕೈಗೊಂದು ತಟ್ಟೆ ಕೊಟ್ಟು ಸಾಲನ್ನು ತೋರಿಸಿದರು. ಮುಂದೆ ಟೈಲ್ಸ್ ಹಾಕಿದ ಮೇಸ್ತ್ರಿ, ಹಿಂದೆ ಬಾಡಿಗೆಯವರ ನೆಂಟರು. ಮನೆಯವರಲ್ಲಿ ಒಬ್ಬರೂ ಏಳಿ ಎನ್ನಲಿಲ್ಲ. ಭಾವ ತಟ್ಟೆಯನ್ನು ಒರೆಸಿ, ತೆಗೆದ ಜಾಗದಲ್ಲೇ ಇಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು. ಜಗಳವಾಡಿದ್ದರೆ ರಾಜಿಯಾದರೂ ಆಗುತ್ತಿತ್ತು. ಅವರು ಜಗಳವಾಡಲಿಲ್ಲ, ಮತ್ತೆ ನಮ್ಮ ಮೆಟ್ಟಿಲನ್ನೂ ಹತ್ತಲಿಲ್ಲ.

ಅಕ್ಕ ಮಾತ್ರ ಬರುತ್ತಿದ್ದಳು. ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು, ನಮ್ಮ ಸೋಫಾದ ಅಂಚಿನಲ್ಲಿ ಕೂತು, ಕಾಫಿ ಕುಡಿದು ಹೋಗುತ್ತಿದ್ದಳು. ಊಟಕ್ಕೆ ಎಬ್ಬಿಸಿದರೆ ಈಗ ತಾನೇ ಆಯಿತು ಎನ್ನುವಳು. ಗಂಡ ಉಣ್ಣದ ಮನೆಯಲ್ಲಿ ನೀನೂ ಉಣ್ಣಬೇಡವೆಂದು ಭಾವ ಅವಳಿಗೆ ಎಂದೂ ಹೇಳಿದವರಲ್ಲ. ಇದು ಹೇಳಿ ತಿಳಿಯುವ ವಿಷಯವೂ ಅಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂದರೆ ನಾನೊಬ್ಬ. ಹಸಿದ ಮುಖದಲ್ಲೇ ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಈ ಬೇಸಿಗೆಯಲ್ಲಿ, ಅದೇನು ಮನಸ್ಸಾಯಿತೋ, ಭಾವ ಬರಲು ಒಪ್ಪಿದ್ದಾರೆಂದು ಅವಳು ಫೋನ್ ಮಾಡಿದಾಗ ಅವಳ ದನಿ ಸಣ್ಣ ಹುಡುಗಿಯದಾಗಿತ್ತು.

ತಾನೇ ಬಡಿಸಿಕೊಳ್ಳಬೇಕಾಯಿತೆಂದು ಮುನಿಸಿಕೊಂಡ ಮನುಷ್ಯನನ್ನು ಒಲಿಸಲು, ತಾನೇ ಬಡಿಸಿಕೊಳ್ಳುವ ಊಟವನ್ನೇ ಏರ್ಪಡಿಸಿದ ಮೇಧಾವಿಗಳು ನಮ್ಮ ಬಡಾವಣೆಯಲ್ಲಿ ಹಿಂದೆ ಯಾರೂ ಇದ್ದಂತಿಲ್ಲ. ಈ ಸತ್ಯ ನನಗೆ ಹೊಳೆದದ್ದು ಸಂಜೆ, ತಾರಸಿಯಲ್ಲಿ, ಮೆಣಸು, ಶುಂಠಿ, ನಿಂಬೆರಸ ಮೆತ್ತಿದ ಕೌಜುಗಗಳನ್ನು ಕೆಂಡದ ಮೇಲೆ ಮಗುಚುತ್ತಿರುವಾಗ. ಅಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು. ಕಣ್ಣಲ್ಲಿ ನೀರಿತ್ತು, ಹೊಗೆಯೆಂದು ಎಲ್ಲರೂ ತಿಳಿದರು. ನನ್ನ ಹೆಂಡತಿ ಸರೋಜಳಿಗೆ ಇದು ಬೆಳಿಗ್ಗೆಯೇ ಹೊಳೆದಿತ್ತೆಂದು ಕಾಣುತ್ತದೆ. ಮುದ್ದೆ ಈ ಬೋರ್ಡಿಗೆ ಹೊಂದುವುದಿಲ್ಲವೆಂದು ಮಗಳು ತೀರ್ಪು ಕೊಟ್ಟಿದ್ದರೂ, ಸರೋಜ ಯಾರಿಗೂ ಹೇಳದೆ ಕೆಳಗೆ ಮುದ್ದೆಗೆ ಎಸರಿಟ್ಟು, ನಾಟಿಕೋಳಿ ಸಾರು ಕುದಿಸಿದ್ದಳು.

ಭಾವ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಮಡಚುವ ಮೇಜಿನ ಮೇಲೆ ಮಣೆ, ಮಣೆಯ ಮೇಲೆ ಮಾವು, ದ್ರಾಕ್ಷಿ, ಸೌತೆಕಾಯಿ, ನಿಪ್ಪಟ್ಟು, ಚೀಸು, ನಡುವೆ ಕಾಲು ಮಡಚಿ ಮಲಗಿದ ಕೌಜುಗಗಳು. ಸಿಂಚನ ಎಲ್ಲರ ಕೈಗೂ ಒಂದೊಂದು ತಟ್ಟೆ ಕೊಟ್ಟಳು. ಇತಿಹಾಸ ಮರುಕಳಿಸುತ್ತದೆ ಎಂದು ಓದಿದ್ದೆ, ನನ್ನದೇ ಮಗಳ ಕೈಯಿಂದ ಎಂದು ಓದಿರಲಿಲ್ಲ.

"ಮಾವ, ಯಾರಿಗೂ ಕಾಯ್ಬೇಡಿ. ನಿಮಗೇನ್ ಬೇಕೋ ನೀವೇ ತಗೊಳ್ಳಿ. ಸೆಲ್ಫ್ ಸರ್ವಿಸ್."

ಭಾವ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದು, ಫಲಪುಷ್ಪ ಪ್ರದರ್ಶನಕ್ಕೆ ಬಂದವರಂತೆ ಮೇಜಿಗೆ ಒಂದು ಸುತ್ತು ಬಂದು, ಚೆನ್ನಾಗಿ ಜೋಡಿಸಿದ್ದೀಯಮ್ಮ ಎಂದರು. ಆಮೇಲೆ ಯಾರೂ ಅಲುಗಲಿಲ್ಲ. ಗಂಡ ಕೈ ಹಾಕದೆ ಅಕ್ಕ ಹಾಕುವಂತಿಲ್ಲ, ನೆಂಟರು ಹಾಕದೆ ಸರೋಜ ಹಾಕುವಂತಿಲ್ಲ, ನನ್ನ ಕೈಯಲ್ಲಿ ಇಕ್ಕಳವಿತ್ತು, ಧೈರ್ಯವಿರಲಿಲ್ಲ. ಕೌಜುಗಗಳ ಮೇಲಿನ ಹಬೆ ನಿಧಾನವಾಗಿ ಆರಿತು. ಎಲ್ಲಿಂದಲೋ ಬಂದ ಒಂದು ನೊಣ ಚೀಸಿನ ಮೇಲೆ ಕುಳಿತಿತು. ಬೋರ್ಡಿನ ತತ್ತ್ವವನ್ನು ಸರಿಯಾಗಿ ಗ್ರಹಿಸಿದ್ದು ಅದೊಂದೇ.

ಭಾವ ನೊಣ ಓಡಿಸಲು ಬಗ್ಗಿದರು. ಬಗ್ಗಿದವರು ದ್ರಾಕ್ಷಿ ಗೊಂಚಲನ್ನು ಪಕ್ಕಕ್ಕೆ ಸರಿಸಿ, ಮಣೆಯ ಮೂಲೆಯಲ್ಲಿದ್ದ ಒಂದು ತೂತಿನ ಮೇಲೆ ಬೆರಳಿಟ್ಟರು.

"ಜಯ, ಇದು ನಮ್ಮ ಮಣೆ ಅಲ್ವಾ?"

ಹೌದು. ಅವರಿಬ್ಬರ ಮದುವೆ ನಮ್ಮ ಹಳೆಯ ಮನೆಯ ಮುಂದಿನ ಚಪ್ಪರದಲ್ಲೇ ನಡೆದದ್ದು. ಧಾರೆಯಾದ ಮೇಲೆ ಏಳಲು ಹೋದ ಮದುಮಗನ ರೇಷ್ಮೆ ಪಂಚೆ ಮಣೆಯ ಹಿತ್ತಾಳೆ ಮೊಳೆಗೆ ಸಿಕ್ಕಿಕೊಂಡು, ಎಷ್ಟು ಹೇಳಿದರೂ ಏಳದ ಅವರನ್ನು ಕಂಡು, ವರದಕ್ಷಿಣೆಗೆ ಹಟ ಹಿಡಿದಿದ್ದಾನೆಂದು ಹೆಂಗಸರು ಗುಸುಗುಸು ಮಾಡಿದ್ದರು. ಅಪ್ಪ ಇಕ್ಕಳ ತಂದು ಮೊಳೆ ಕಿತ್ತ ಮೇಲೆಯೇ ಅಳಿಯ ಎದ್ದದ್ದು. ಆ ಹಸೆಮಣೆಯ ಮೇಲೆ ಈಗ ನಾವು ಹಕ್ಕಿಗಳನ್ನು ಸುಟ್ಟು ಮಲಗಿಸಿದ್ದೆವು. ನನಗೆ ತಾರಸಿಯಿಂದ ಇಳಿಯಲು ಬೇರೆ ದಾರಿಯಿದೆಯೇ ಎಂಬ ಯೋಚನೆ ಬಂತು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಭಾವನಿಗೂ ನಗು ಬಂತು. ನಗುತ್ತ ನಗುತ್ತ ಅವರ ದೃಷ್ಟಿ ಅಕ್ಕನ ಕೈಯಲ್ಲಿದ್ದ ಖಾಲಿ ತಟ್ಟೆಯ ಮೇಲೆ ನಿಂತಿತು, ನಗುವೂ ನಿಂತಿತು. ಒಂದು ಕೌಜುಗವನ್ನು ಎತ್ತಿ ಅವಳ ತಟ್ಟೆಗೆ ಹಾಕಿದರು.

"ನೀನು ಮೊದ್ಲು ತಿನ್ನು. ಮುನಿಸು ನಂದು, ಉಪವಾಸ ನಿಂದಾಯ್ತು."

ಅಕ್ಕ ಹಕ್ಕಿಯ ಒಂದು ಕಾಲು ಮುರಿದು ಬಾಯಿಗಿಟ್ಟುಕೊಂಡಳು, ಕಣ್ಣೊರೆಸಿಕೊಂಡಳು, ಉಪ್ಪು ಸ್ವಲ್ಪ ಕಡಿಮೆಯೆಂದಳು. ಗೃಹಪ್ರವೇಶದ ದಿನದಿಂದ ನನ್ನ ಗಂಟಲಲ್ಲಿ ಉಳಿದಿದ್ದ ಮಾತು ಆಗ ತಾನಾಗಿ ಹೊರಬಂತು.

"ಭಾವ, ಏಳಿ ಊಟಕ್ಕೆ."

ಅವರು ಬಂದಾಗಿನಿಂದ ನಿಂತೇ ಇದ್ದರು. ಆದರೂ ಕರೆದದ್ದಕ್ಕೆ ಎದ್ದವರಂತೆ ಪಂಚೆ ಸರಿಮಾಡಿಕೊಂಡು, ಸಿಂಚನ ತಂದಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗೆ ನೀರು ಹಾಕಿಸಿಕೊಂಡರು. ನಾನು ಕೌಜುಗ ಬಡಿಸಿದೆ. ಬೇಡ ಎಂದರು. ನಮ್ಮಲ್ಲಿ ಬೇಡ ಎಂಬುದರಿಂದ ಊಟದ ಮಾತುಕತೆ ಶುರುವಾಗುತ್ತದಷ್ಟೆ. ತಟ್ಟೆಯ ಮೇಲೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ನಡುವೆ ಇನ್ನೊಂದು ಹಕ್ಕಿ ತೂರುವಷ್ಟು ಸಂದು ಇತ್ತು. ಸರೋಜ ಕೆಳಗಿನಿಂದ ಮುದ್ದೆ, ಸಾರು ತಂದಳು. ವಾದಿಸುವುದನ್ನೇ ಕಲಿಯುತ್ತಿರುವ ಸಿಂಚನ, ಮಾವನಿಗೆ ಎರಡನೆಯ ಮುದ್ದೆ ಏಕೆ ಅವಶ್ಯಕವೆಂದು ವಾದಿಸಿ ಗೆದ್ದಳು. ಬೇಕಾದ್ದನ್ನು ತಾನೇ ತೆಗೆದುಕೊಳ್ಳುವುದು ಸುಖವೇ ಇರಬಹುದು. ಆದರೆ ಬೇಡವೆಂದರೂ ಬಿಡದೆ ಬಡಿಸುವವರೊಬ್ಬರು ಇದ್ದಾರೆ ಎಂಬುದರಿಂದ ತುಂಬುವ ಹೊಟ್ಟೆಯೇ ಬೇರೆ. ಅಕ್ಕ ಆ ಸಂಜೆ ಸಾರಿಗೆ ಮೂರು ಸಲ ತಟ್ಟೆ ಒಡ್ಡಿದಳು, ಒಮ್ಮೆಯೂ ಬೇಡವೆನ್ನಲಿಲ್ಲ.

ಹೊರಡುವಾಗ ಭಾವ ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಮೇಷ್ಟ್ರೇ, ಆ ಮಣೆ ಮತ್ತೆ ಸಜ್ಜಕ್ಕೆ ಹಾಕ್ಬೇಡಿ. ಮುಂದಿನ್ ಸಲ ಅದರ ಮೇಲೆ ನಾನು ಕೂರ್ತೀನಿ. ಕೌಜುಗ ಎಲೆ ಮೇಲಿರ್ಲಿ."

ಅವರ ಮಂಡಿ ಈಗ ಬಗ್ಗುವುದಿಲ್ಲ. ಕೂತರೆ ಎಬ್ಬಿಸಲು ಇಬ್ಬರು ಬೇಕು, ಈ ಸಲ ಮೊಳೆಯ ನೆಪವೂ ಇರುವುದಿಲ್ಲ. ಹಾಗಿದ್ದರೂ ಮಣೆ ಈಗ ಊಟದ ಮನೆಯ ಗೋಡೆಗೆ ಒರಗಿ ನಿಂತಿದೆ. ಗ್ರೇಜಿಂಗ್ ಬೋರ್ಡಿನ ಹುದ್ದೆಯಿಂದ ಬಿಡುಗಡೆ ಹೊಂದಿ ತನ್ನ ಮೂಲ ಹುದ್ದೆಗೆ ಮರಳಿದೆ. ಅಕ್ಕ ಭಾವ ಬರುವ ಭಾನುವಾರ ಬೆಳಿಗ್ಗೆ ಅದನ್ನು ಒರೆಸಿಡುವ ಕೆಲಸ ನನ್ನದು. ಅಂತೂ ನನಗೂ ಮರುಉದ್ಯೋಗ ಸಿಕ್ಕಿತು.