ಆಯಮ್ಮ ಎದ್ದು ಕೊಟ್ಟ ಜಾಗ

ಮೂರನೇ ಕ್ಲಾಸಿನಲ್ಲಿ ಪದ್ಮಾ ಎದ್ದು ನಿಂತು "ಟೀಚರ್, ನೀಳ್ಳು" ಅಂತ ತೆಲುಗಿನಲ್ಲಿ ನೀರು ಕೇಳಿದಾಗ ಮೊದಲು ನಕ್ಕವಳು ನಾನೇ.

ಆಮೇಲೆ ಇಡೀ ಕ್ಲಾಸೇ ನಕ್ಕಿತು. ಅವತ್ತಿನಿಂದ ಆಕೆಯ ಹೆಸರೇ "ನೀಳ್ಳು" ಆಗಿಹೋಯ್ತು.

ಎಪ್ಪತ್ತರ ದಶಕದ ಕಂಪ್ಲಿ. ಕಾಲುವೆ ನೀರು ನಂಬಿ ಆಂಧ್ರದ ಕಡೆಯಿಂದ ಬಂದು, ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೀತಿದ್ದ ಮನೆಯ ಹುಡುಗಿ ಆಕೆ.

ನಮ್ಮಪ್ಪನದು ಕಿರಾಣಿ ಅಂಗಡಿ. ಅಪ್ಪ ಗಿರಾಕಿಗಳ ಜೊತೆ ತೆಲುಗು ಮಾತಾಡೋದನ್ನ ದಿನಾ ಕೇಳಿ ಬೆಳೆದವಳು ನಾನು. ಆದರೂ ನಕ್ಕಿದ್ದೆ...

ಪದ್ಮಾ ನಮ್ಮ ಜೊತೆ ಊಟಕ್ಕೆ ಕೂರೋದನ್ನೇ ಬಿಟ್ಟಳು. ವರಾಂಡದ ಮೂಲೆಯಲ್ಲಿ, ನೀರಿನ ಗಡಿಗೆ ಹತ್ತಿರ, ಹುಲಿಗೆಮ್ಮನ ಪಕ್ಕ ಕೂತು ಉಣ್ಣುತ್ತಿದ್ದಳು.

ಹುಲಿಗೆಮ್ಮ ನಮ್ಮ ಸ್ಕೂಲಿನ ಆಯಾ. ಕಸ ಗುಡಿಸೋದು, ನೀರು ತುಂಬೋದು, ಸಣ್ಣ ಮಕ್ಕಳ ಮೂಗು ಒರೆಸೋದು ಎಲ್ಲಾ ಆಕೆಯದೇ. ನಾವು ಆಯಮ್ಮ ಅಂತಿದ್ದೆವು.

ಒಂದು ದಿನ ಪದ್ಮಾಳ ಅಪ್ಪ ಬಂದರು. ಹುಡುಗಿ ಬೆಳಗಾದರೆ ಅಳ್ತಾಳೆ, ನಾಳೆಯಿಂದ ಕಳಿಸಲ್ಲ ಅಂತ ಟೀಚರಿಗೆ ಹೇಳಿದರು.

ಆಯಮ್ಮ ಪೊರಕೆ ಬದಿಗಿಟ್ಟು ಅಂದಳು: "ಎಂಟು ದಿನ ತಡೀರಿ ಅಣ್ಣಾ. ಸಾಲಿ ಬಿಡಿಸಬ್ಯಾಡ್ರಿ."

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನನ್ನ ಹೆಸರು ಹೇಳಿಬಿಡ್ತಾಳೆ ಅಂದುಕೊಂಡೆ. ಹೇಳಲಿಲ್ಲ.

ಮರುದಿನ ನೋಡಿದರೆ ಆಯಮ್ಮ ಪದ್ಮಾ ಜೊತೆ ಐದು ಕಲ್ಲಿನ ಆಟಕ್ಕೆ ಕೂತಿದ್ದಾಳೆ! ಸೋತಾಗಲೆಲ್ಲ ಇಡೀ ಸ್ಕೂಲಿಗೆ ಕೇಳೋ ಹಂಗೆ ಕೂಗ್ತಾಳೆ.

"ಅಯ್ಯಯ್ಯ, ಮತ್ತ ಸೋತ್ನಲ್ಲೇ! ಏನ್ ಕೈ ಐತೇ ನಿಂದು!"

ಒಬ್ಬೊಬ್ಬರೇ ಹೋಗಿ ಸುತ್ತ ನಿಂತೆವು. ಪದ್ಮಾ ಆಟ ನಿಜಕ್ಕೂ ಮಸ್ತ್ ಇತ್ತು. ಮೇಲೆ ಹೋದ ಕಲ್ಲು ಕೆಳಗೆ ಬರೋದ್ರೊಳಗೆ ಉಳಿದ ನಾಲ್ಕೂ ಆಕೆಯ ಮುಷ್ಟಿಯಲ್ಲಿ.

ಮೂರನೇ ದಿನ ಆಟದ ನಡುವೆಯೇ ಆಯಮ್ಮ ಎದ್ದಳು.

"ನನಗ ಗಡಿಗಿ ತೊಳಿಯೋದೈತಿ. ಲೇ ಸುಮಾ, ನನ್ನ ಜಾಗದಾಗ ನೀ ಕುಂದ್ರು."

ಅಷ್ಟು ಜನರಲ್ಲಿ ನನ್ನನ್ನೇ ಕರೆದಳು.

ಕೂತೆ. ಪದ್ಮಾ ಕಲ್ಲುಗಳನ್ನ ಗಟ್ಟಿ ಹಿಡಿದು ನನ್ನನ್ನೇ ನೋಡ್ತಿದ್ದಾಳೆ.

"ಅವತ್ತು ನಾ ನಗಬಾರದಿತ್ತು" ಅಂದೆ.

ಆಕೆಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ಐದೂ ಕಲ್ಲು ನನ್ನ ಮುಂದೆ ಸುರಿದಳು. "ನುವ್ವು... ನೀನು ಮೊದಲು."

ಮೊದಲನೇ ಎಸೆತಕ್ಕೇ ಸೋತೆ. ಪದ್ಮಾ ನಕ್ಕಳು. ನಾನು ಆಕೆಯ ನಗು ನೋಡಿದ್ದು ಅದೇ ಮೊದಲು.

ಹೈಸ್ಕೂಲ್ ಮುಗಿಯೋವರೆಗೂ ನಮ್ಮದು ಒಂದೇ ಬೆಂಚು. ಭತ್ತದ ಸುಗ್ಗಿಯಲ್ಲಿ ಆಕೆಯ ಕ್ಯಾಂಪಿನಲ್ಲೇ ಎಷ್ಟೋ ದಿನ ಉಳೀತಿದ್ದೆ.

ಪದ್ಮಾ ಮತ್ತೆ ನಮ್ಮ ಜೊತೆ ಊಟಕ್ಕೆ ಕೂತ ಮೇಲೆ ಆಯಮ್ಮ ಮಾತ್ರ ಆ ಮೂಲೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ನಾವು ಹತ್ತಿರ ಹೋದರೆ "ನನ್ನ ಹತ್ರ ಏನೈತಿ, ಆಡಾಕ ಹೋಗ್ರಿ" ಅಂತ ಓಡಿಸ್ತಿದ್ದಳು.

ಮೊನ್ನೆ ಪದ್ಮಾ ಮನೆಗೆ ಹೋದಾಗ ಆಯಮ್ಮನ ಮಾತು ಬಂತು. ಆಕೆ ಯಾವ ಓಣಿಯವಳು, ಮಕ್ಕಳಿದ್ದರಾ, ಕೊನೆಗೆ ಏನಾದಳು... ಇಬ್ಬರಿಗೂ ಗೊತ್ತಿಲ್ಲ. ನಾವು ಒಮ್ಮೆಯೂ ಕೇಳಿರಲಿಲ್ಲ.

ನಿಮಗೂ ಹೀಗೆ ಗೆಳತಿಯನ್ನ ಕೊಟ್ಟವರು ಇದ್ದರೆ, ಅವರ ಮನೆ ಎಲ್ಲಿ ಅಂತ ನಿಮಗಾದರೂ ಗೊತ್ತಾ?