ಹೊಳೆಗುಂಟ ಕೇಳುತ್ತ ಹೋದವಳು

ನನ್ನ ಬಾಯಿ ಕೆಟ್ಟದ್ದು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಸೀರೆ ಅಂಗಡಿ ಇಟ್ಟುಕೊಂಡು ಕೂತವಳಿಗೆ ಮೆತ್ತಗಿನ ಬಾಯಿ ಇದ್ದರೆ ನಡೆಯುವುದೂ ಇಲ್ಲ. ಗಂಡ ತೀರಿಕೊಂಡ ಮೇಲೆ ಮನೆಯ ಮಗ್ಗ ಮಾರಿ ಅಂಗಡಿ ಹಾಕಿದೆ. ಅಂದಿನಿಂದ ಗಿರಾಕಿಯ ಜೊತೆ, ಮಗ್ಗದವರ ಜೊತೆ, ಬಸ್ಸಿನ ಕಂಡಕ್ಟರನ ಜೊತೆ ಬಾಯಿ ಮಾಡುತ್ತಲೇ ಬಂದಿದ್ದೇನೆ. ಆದರೆ ಎಲ್ಲರಿಗಿಂತ ಹೆಚ್ಚು ಬಾಯಿ ಮಾಡಿದ್ದು ನನ್ನ ಅಕ್ಕನ ಮೇಲೆ.

ನಮ್ಮ ತವರು ಪುರ್ತಗೇರಿ. ಅಕ್ಕನನ್ನು ಹೊಳೆಆಲೂರಿಗೆ ಕೊಟ್ಟಿದ್ದರು. ಕೊಡಪಾನ ಹೊತ್ತು ಬಾವಿಗೆ ಅಲೆದು ಬೆಳೆದ ನಮಗೆ ಅವಳ ಹಿತ್ತಲ ಬಾಗಿಲು ತೆಗೆದರೆ ಮಲಪ್ರಭೆ ಕಾಣುತ್ತದೆ ಅನ್ನುವುದೇ ದೊಡ್ಡ ಸುದ್ದಿ. ಶಾಲೆಯ ಸೂಟಿಗೆ ಹೋದರೆ ನಾನು ವಾಪಸ್ಸು ಬರಲು ಒಲ್ಲೆ ಅನ್ನುತ್ತಿದ್ದೆ. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತಿದ್ದೆ. ಮಾತು ಕಡಿಮೆ, ಕೆಲಸ ಹೆಚ್ಚು. ನನಗೆ ಈಜು ಕಲಿಸಲು ನೋಡಿ ಸೋತವರು.

ನಾಲ್ಕು ವರ್ಷದ ಹಿಂದೆ ಮಳೆ ಜೋರಾಗಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ನೀರು ಬಿಡುವ ಸುದ್ದಿ ಬಂದ ಕೂಡಲೇ ದಂಡೆಯ ರೈತರು ಹೊಳೆಯಲ್ಲಿ ಇಳಿಸಿದ ಪಂಪಿನ ಮೋಟರು ಎತ್ತಿ ತರಲು ಓಡುವುದು ವರ್ಷ ವರ್ಷದ ಮಾತು. ಮಾಮಾ ಕೂಡ ಓಡಿದರು. ಜೊತೆಗೆ ಹೋದ ಇಬ್ಬರು ಹಗ್ಗ ಬಿಟ್ಟು ಈಜಿ ದಂಡೆ ಸೇರಿದರು. ಮಾಮಾ ಹಗ್ಗ ಬಿಡಲಿಲ್ಲವಂತೆ. ನೀರು ಇಳಿದ ಮೇಲೆ ಮೋಟರು ಜಾಲಿ ಕಂಟಿಯಲ್ಲಿ ಸಿಕ್ಕಿತು. ಊರವರು, ಪೊಲೀಸರು ನಾಲ್ಕು ದಿನ ಹುಡುಕಿದರು. ಮಾಮಾ ಸಿಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಣಿ ತೋಡಿ ಕೂಡ್ರಿಸಿ ಮಣ್ಣು ಕೊಡುತ್ತೇವೆ. ಹೆಂಡತಿಯ ಬಳೆ ತೆಗೆಯುವುದು ಆ ಕುಣಿಯ ಮುಂದೆಯೇ. ಅಲ್ಲಿಯವರೆಗೆ ಆಕೆ ಮುತ್ತೈದೆ. ಹೆಣವೇ ಇಲ್ಲ ಅಂದರೆ ಕುಣಿ ತೋಡುವುದು ಯಾರಿಗೆ? ಕುಣಿ ಇಲ್ಲದೆ ಬಳೆ ತೆಗೆಯುವುದು ಹೇಗೆ? ಹಿರಿಯರು ಕೂತು ಮಾತಾಡಿದರು, ಚಹಾ ಕುಡಿದರು, ಎದ್ದು ಹೋದರು. ಅಕ್ಕ ಹಸಿರು ಬಳೆ, ಹಣೆಯ ಕುಂಕುಮ ಇಟ್ಟುಕೊಂಡು ಉಳಿದಳು. ಉಡಿ ತುಂಬುವ ಕಾರ್ಯಕ್ಕೆ ಕರೆಯಲು ಬಂದ ಹೆಂಗಸರು ಅವಳ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಮುಖ ಮುಖ ನೋಡಿಕೊಂಡು, ಮುಂದಿನ ಮನೆಗೆ ಹೋಗುತ್ತಿದ್ದರು. ಕರೆದರೂ ತಪ್ಪು, ಬಿಟ್ಟರೂ ತಪ್ಪು. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ, ಹಾಗೆ ಮೂರು ವರ್ಷ ಬದುಕಿದಳು.

ನನ್ನದನ್ನೂ ಹೇಳಬೇಕು. ನನ್ನ ಗಂಡ ದವಾಖಾನೆಯಲ್ಲಿ ಮುಂಜಾನೆ ಹೋದ. ಸಂಜೆಯೊಳಗೆ ನನ್ನ ಎಲ್ಲ ಶಾಸ್ತ್ರ ಮುಗಿದಿತ್ತು. ಬಳೆ ಒಡೆಯುವಾಗ ಗಾಜು ಗೀರಿ ಮಣಿಕಟ್ಟಿನಿಂದ ರಕ್ತ ಬಂದಿತ್ತು, ಯಾರೂ ನೋಡಲಿಲ್ಲ. ಸುಡಲಿ ಈ ಪದ್ಧತಿ ಅಂತ ಅವತ್ತೇ ಅಂದುಕೊಂಡಿದ್ದೆ. ಅಂಥವಳು ನಾನು ಅಕ್ಕನ ಕೈಯಲ್ಲಿ ಬಳೆ ಕಂಡರೆ ಒಳಗೊಳಗೇ ಕುದಿಯುತ್ತಿದ್ದೆ. ಅದು ಸಿಟ್ಟೋ ಹೊಟ್ಟೆಕಿಚ್ಚೋ ಶಿವನೇ ಬಲ್ಲ. ಯಾರಿಗೆ ಕಾಯುತ್ತೀ, ತೆಗೆದುಹಾಕು, ಹಗುರಾಗುತ್ತೀ ಎಂದು ಹೋದಾಗಲೆಲ್ಲ ಚುಚ್ಚುತ್ತಿದ್ದೆ. ಆಕೆ ಚಹಾ ಸೋಸಿ ನನ್ನ ಮುಂದೆ ಇಡುತ್ತಿದ್ದಳು.

ಹೋದ ವರ್ಷ ಮಳೆ ನಿಂತು ಹೊಳೆ ಇನ್ನೂ ತುಂಬಿರುವಾಗ ಅಂಗಡಿಗೆ ಬಂದ ಗಿರಾಕಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದಳು: ಹೊಳೆಆಲೂರಿನಿಂದ ಕೂಡಲಸಂಗಮದವರೆಗೆ ಮೂರು ದಿನದ ದೋಣಿ ಪ್ರವಾಸ, ದಾರಿಗುಂಟ ಗುಡಿ, ಸಂತೆ, ಊಟ. ನನ್ನ ಜಾಣತನ ನೋಡಿ. ಹೊಳೆಗೆ ಅಂಜಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡವಳನ್ನು ಹೊಳೆಯ ಮೇಲೆಯೇ ಮೂರು ದಿನ ಕೂಡ್ರಿಸಿದರೆ ಅಂಜಿಕೆ ಹೋದೀತು, ಮನಸ್ಸು ಹಗುರಾದೀತು ಅಂದುಕೊಂಡೆ. ಆಕೆ ಖಂಡಿತ ಒಲ್ಲೆ ಅನ್ನುತ್ತಾಳೆ, ಜಗಳಾಡಿಯೇ ಒಪ್ಪಿಸಬೇಕು ಅಂತ ರೋಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದೆ.

ಅಕ್ಕ ಒಂದೇ ಮಾತು ಕೇಳಿದಳು. “ದಂಡಿ ಮ್ಯಾಲಿನ ಊರಿಗೆಲ್ಲಾ ನಿಂದರಸ್ತಾರೇನು?”

ನಿಲ್ಲಿಸುತ್ತಾರೆ ಅಂದೆ. ಹಾಗಾದರೆ ಬರುತ್ತೇನೆ ಅಂದಳು. ನಾನು ಹಿಗ್ಗಿಹೋದೆ. ಎಂಥ ದಡ್ಡಿ ನಾನು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪಿಂಡಿ, ಎರಡು ಡಬ್ಬಿ ಅವಲಕ್ಕಿ ಕಟ್ಟಿಕೊಂಡು ಹತ್ತಿದೆವು. ದೋಣಿ ದೊಡ್ಡದೇನಲ್ಲ. ಮೇಲೆ ತಗಡಿನ ಚಪ್ಪರ, ಎರಡು ಬದಿಗೆ ಬೆಂಚು, ಹಿಂದೆ ಎಂಜಿನ್ನು. ನಮ್ಮ ಜೊತೆ ರೋಣದ ಒಬ್ಬ ನಿವೃತ್ತ ಮಾಸ್ತರು, ಅವರ ಹೆಂಡತಿ. ನೀರು ತಡೆಯುವ ಬಾಂದಾರ ಅಡ್ಡ ಬಂದಲ್ಲಿ ಇಳಿದು, ಗಂಟು ಹೊತ್ತು ದಂಡೆಗುಂಟ ನಡೆದು, ಆಚೆ ಕಡೆ ಕಟ್ಟಿದ ಇನ್ನೊಂದು ದೋಣಿ ಹತ್ತಬೇಕು. ಉಸುಕು ಮೇಲೆದ್ದಲ್ಲಿ ಅಂಬಿಗ ನೀರಿಗೆ ಇಳಿದು ನೂಕುತ್ತಿದ್ದ. ಐವತ್ತು ದಾಟಿದವ, ನಗೆಗಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತೀರಿ, ಇದು ದಾಟುವ ಹೊಳೆಯಲ್ಲ, ಮೂರು ದಿನ ನನ್ನ ಹಂಗಿನಲ್ಲೇ ಇರಬೇಕು ಎಂದು ಹೊರಡುವಾಗಲೇ ನಗಿಸಿದ. ಅಕ್ಕ ನಗಲಿಲ್ಲ. ಸೆರಗು ಬಿಗಿಯಾಗಿ ಹೊದ್ದು ಎರಡೂ ದಂಡೆಗಳನ್ನು ನೋಡುತ್ತ ಕೂತಿದ್ದಳು. ಜೋಳದ ಹೊಲ, ಕಬ್ಬು, ಬಟ್ಟೆ ಒಗೆಯುವವರು, ನೀರಿಗೆ ಇಳಿದ ಎಮ್ಮೆ. ಅಂಜಿಕೆ ಹೋಗುತ್ತಿದೆ ಅಂತ ನಾನು ಖುಷಿಪಟ್ಟೆ.

ಮೊದಲ ಊರಲ್ಲಿ ಸಂತೆ ನಡೆದಿತ್ತು. ನಾನು ಸೀರೆ ಮಾರುವವರ ಸಾಲು ಹುಡುಕಿ ಹೋದೆ. ನಮ್ಮ ಪಟ್ಟೇದಂಚಿನ ಸೀರೆಗಳೂ ಇದ್ದವು, ದರ ಕೇಳಿ ಮನಸ್ಸಿನಲ್ಲೇ ಬೈದುಕೊಂಡೆ. ತಿರುಗಿ ನೋಡಿದರೆ ಅಕ್ಕ ಇಲ್ಲ. ಉಳ್ಳಾಗಡ್ಡಿ ರಾಶಿಗಳ ಆಚೆ ಮುದುಕನೊಬ್ಬನ ಮುಂದೆ ಬಗ್ಗಿ ನಿಂತಿದ್ದಳು. ಕೈಯಲ್ಲಿ ಮಾಮಾರ ಫೋಟೋ.

“ಮೂರು ವರ್ಷದ ಹಿಂದ ಹೊಳಿ ಬಂದಿತ್ತಲ್ರೀ, ಆವಾಗ ಇವರು ನಿಮ್ಮೂರ ದಂಡಿಗೆ ಹತ್ಯಾರೇನ್ರಿ?”

ಮುದುಕ ಫೋಟೋ ನೋಡಿದ, ಅವಳ ಬಳೆ ನೋಡಿದ, ಇಲ್ಲವ್ವಾ ಅಂದ. ಆಕೆ ಪಕ್ಕದ ಗುಡ್ಡೆಯವಳ ಕಡೆ ತಿರುಗಿದಳು. ಮತ್ತದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು. ರಟ್ಟೆ ಹಿಡಿದು ಎಳೆದುಕೊಂಡು ದೋಣಿಯ ಹತ್ತಿರ ಬಂದೆ. ಸಂತೆಯ ಮಂದಿ ಮುಂದೆ ಮರ್ಯಾದೆ ತೆಗೆಯುತ್ತೀಯಾ, ಹುಚ್ಚು ಹಿಡಿದಿದೆಯಾ, ಇದಕ್ಕೇ ಏನು ಬಂದದ್ದು ಅಂತ ಮಾಸ್ತರರ ಹೆಂಡತಿ ಕೇಳುವಂತೆಯೇ ಒದರಿದೆ.

ಅಕ್ಕ ದನಿ ಏರಿಸಲಿಲ್ಲ. “ಇದಕ್ಕ ಬಂದೀನಿ. ನೀರು ಇತ್ತಾಗ ಹರೀತೈತಿ, ಅವರೂ ಇತ್ತಾಗ ಬಂದಿರಬೇಕು. ಒಬ್ಬಾಕಿ ಊರೂರು ತಿರಗಾಕ ನನಗ ಆಗಲಿಲ್ಲ. ನೀ ಕರದಿ, ನಿನಗ ಪುಣ್ಯ ಬರ್ಲಿ.”

ಹಿಡಿದಿದ್ದ ರಟ್ಟೆ ಬಿಟ್ಟೆ. ಮೂರು ವರ್ಷ ಆಕೆ ಹಿತ್ತಲ ಬಾಗಿಲು ಮುಚ್ಚಿದ್ದು ಅಂಜಿಕೆಗಲ್ಲ. ಹೊಳೆ ಕಂಡರೆ ಹೊರಟುಬಿಡುತ್ತೇನೇನೋ ಅಂತ ಮುಚ್ಚಿದ್ದಳು. ಇದನ್ನು ಆಮೇಲೆ ಆಕೆಯೇ ಹೇಳಿದಳು.

ಎರಡನೆಯ ದಿನ ಪಟ್ಟದಕಲ್ಲು. ಮಾಸ್ತರರು ಕಲ್ಲಿನ ಗುಡಿಗಳ ಬಗ್ಗೆ ಚಲೋ ಹೇಳುತ್ತಿದ್ದರು, ನಾನು ಒಂದನ್ನೂ ಕೇಳಲಿಲ್ಲ. ಅಕ್ಕ ಎಳನೀರು ಮಾರುವವಳನ್ನು ಕೇಳಿದಳು, ಕುರಿ ಕಾಯುವವನನ್ನು ಕೇಳಿದಳು, ಬಲೆ ಬಿಡಿಸುತ್ತ ಕೂತವರನ್ನು ಕೇಳಿದಳು. ಅವಳ ದನಿ ಸಣ್ಣದು, ಗುಡಿ ನೋಡಲು ಬಂದವರ ಗದ್ದಲದಲ್ಲಿ ಮುಳುಗುತ್ತಿತ್ತು. ಒಬ್ಬ ಬೆಲ್ಲದ ವ್ಯಾಪಾರಿ ಫೋಟೋ ನೋಡದೆಯೇ ಮುಂದೆ ಹೋಗು ಅಂದದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಫೋಟೋ ಕಸಿದುಕೊಂಡು, ನೋಡಿ ಹೇಳ್ರಿ ಯಪ್ಪಾ, ಕಣ್ಣಿಗೇನು ತೂಕ ಬೀಳತೈತಿ ಅಂತ ಅವನ ಮೂಗಿನ ಮುಂದೆ ಹಿಡಿದೆ. ಅಲ್ಲಿಂದ ಮುಂದೆ ಕೇಳುವ ಕೆಲಸ ನನ್ನದಾಯಿತು. ಗಿರಾಕಿ ಕೂಗಿ ಕೂಗಿ ಪಳಗಿದ ಬಾಯಿ ಒಂದು ಕೆಲಸಕ್ಕಾದರೂ ಬಂತು. ಐಹೊಳೆಯ ದಂಡೆಯಲ್ಲೂ ಕೇಳಿದೆವು. ಎಲ್ಲರೂ ಇಲ್ಲ ಅಂದರು.

ಮೂರನೆಯ ದಿನ ಬೆಳಿಗ್ಗೆ ಅಂಬಿಗ ಎಂಜಿನ್ನು ಸಣ್ಣ ಮಾಡಿದ. ಎರಡು ದಿನದಿಂದ ನಮ್ಮನ್ನು ನೋಡುತ್ತಿದ್ದವ, ಹೇಳಬೇಕೋ ಬೇಡವೋ ಎಂದು ತಿಳಿಯಲಿಲ್ಲ ಅಂದ. ಮುಂದಿನ ತಿರುವಿನ ಊರಲ್ಲಿ ಆ ವರ್ಷ ಹೊಳೆಯಲ್ಲಿ ಬಂದ ಒಬ್ಬ ಗಂಡಸನ್ನು ಹೊಲದ ಯಜಮಾನನೇ ಮಣ್ಣು ಮಾಡಿದ್ದಾನೆ, ಇಳಿಯುತ್ತೀರೇನು ಎಂದು ಕೇಳಿದ. ಅಕ್ಕ ದೋಣಿ ನಿಲ್ಲುವ ಮೊದಲೇ ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದುಕೊಂಡೆ.

ದಂಡೆಯ ಮೇಲೆಯೇ ಹೊಲ, ಹೊಲದಲ್ಲೇ ಮನೆ. ಯಜಮಾನ ವಯಸ್ಸಾದವ, ಅವನ ಹೆಂಡತಿ ನಮ್ಮನ್ನು ಕೂಡ್ರಿಸಿ ನೀರು, ಬೆಲ್ಲ ಕೊಟ್ಟಳು. ಪೊಲೀಸರು ಬಂದು ಪಂಚನಾಮೆ ಮಾಡಿದ್ದು, ಯಾರೂ ಹುಡುಕಿ ಬರದೆ ಇದ್ದದ್ದು, ಮುಖ ಗುರುತು ಸಿಗುವಂತೆ ಉಳಿಯದೆ ಇದ್ದದ್ದು, ಎಲ್ಲ ಆತ ನಿಧಾನವಾಗಿ ಹೇಳಿದ.

“ನಮ್ಮ ಹೊಲಕ್ಕ ಬಂದಾಂವ ನಮ್ಮಾಂವ ಅಂತ ತಿಳದು ಮಣ್ಣು ಕೊಟ್ಟೇವ್ರಿ. ಲಿಂಗ ಅವನ ಕೈಯಾಗ ಇಟ್ಟೇವಿ. ಕರಡಿಗಿ ಅಷ್ಟ ತಗದಿಟ್ಟೇವಿ, ಯಾರರ ಕೇಳ್ಕೊಂತ ಬಂದ್ರ ಗುರ್ತ ಸಿಗಲಿ ಅಂತ.”

ಹೆಂಡತಿ ಒಳಗಿನಿಂದ ಅರಿವೆಯ ಗಂಟು ತಂದು ಅಕ್ಕನ ಮುಂದೆ ಬಿಚ್ಚಿದಳು. ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮಾಮಾರದು ಇದಲ್ಲ. ಅವರದನ್ನು ಮದುವೆಯಲ್ಲಿ ನಮ್ಮ ಅಪ್ಪ ಗಜೇಂದ್ರಗಡದ ಪತ್ತಾರನ ಮುಂದೆ ಕೂತು ಮಾಡಿಸಿದ್ದು. ಅದು ದೊಡ್ಡದು, ಮೇಲೆ ನಂದಿಯ ಕೆತ್ತನೆ. ಇದು ಸಣ್ಣದು, ನುಣ್ಣಗಿನದು. ಅಕ್ಕನಿಗೂ ಗೊತ್ತಾಯಿತು. ಆದರೂ ಆಕೆ ಅದನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿದಳು.

ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅವಳನ್ನು ದನದ ಕೊಟ್ಟಿಗೆಯ ಮಗ್ಗುಲಿಗೆ ಕರೆದುಕೊಂಡು ಹೋದೆ. “ಅವರದ ಅಂದಬಿಡು ಯಕ್ಕಾ. ಕುಣಿ ಐತಿ, ಶಾಸ್ತ್ರ ಪ್ರಕಾರ ಮಣ್ಣು ಕೊಟ್ಟಾರ. ಹಿರ್‍ಯಾರನ್ನ ಕರಕೊಂಡ ಬರೂಣು, ಇಲ್ಲೇ ಮುಗಿಸೂಣು. ಯಾರಿಗೆ ಗೊತ್ತಾಗತೈತಿ?”

ಅವಳು ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ.

“ಇವರ ಹೆಂಡತಿ ಎಲ್ಯರ ನನ್ನಂಗ ಕುಂತಿರ್ತಾಳ. ನಾಳಿ ಆಕಿ ಕೇಳ್ಕೊಂತ ಬಂದ್ರ, ಒಬ್ಬಾಕಿ ಬಂದು ನಮ್ಮವರು ಅಂತ ಹೇಳಿ ಹೋದ್ಲು ಅಂತಾರ. ಆಕಿ ಮತ್ತ ಎಲ್ಲಿ ಹುಡಕಬೇಕು?”

ಒಳಗೆ ಹೋಗಿ ಕರಡಿಗೆಯನ್ನು ಅದೇ ಅರಿವೆಯಲ್ಲಿ ಕಟ್ಟಿ ಯಜಮಾನನ ಹೆಂಡತಿಯ ಕೈಗೆ ಕೊಟ್ಟಳು. ಇವರು ನಮ್ಮವರಲ್ಲ, ಆದರೆ ಜೋಪಾನವಾಗಿ ಇಡಿ, ಆಕೆ ಬಂದೇ ಬರುತ್ತಾಳೆ ಅಂದಳು. ಆಮೇಲೆ ಹೊಲಕ್ಕೆ ಹೋಗಿ, ಆ ಗುರುತಿಲ್ಲದವನ ಕುಣಿಯ ಮೇಲಿನ ಕಲ್ಲಿಗೆ ವಿಭೂತಿ ಹಚ್ಚಿ, ಮಂಡಿಯೂರಿ ನಮಸ್ಕಾರ ಮಾಡಿದಳು. ಬೇರೆ ಯಾರಾದರೂ ಬಂದಿದ್ದರಾ ಎಂದು ಯಜಮಾನನನ್ನು ಕೇಳಿದಳು. ಈತ ಒಬ್ಬನೇ ಅಂದ. ನಾನು ನಾಚಿಕೆಯಿಂದ ಕಬ್ಬಿನ ಕಡೆ ತಿರುಗಿ ನಿಂತಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೂಡಲಸಂಗಮ ಬಂತು. ಅಲ್ಲಿ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ. ಕೃಷ್ಣೆ ಕೂಡಿ, ಕೆಳಗಿನ ಅಣೆಕಟ್ಟಿನ ಹಿನ್ನೀರೂ ಸೇರಿ, ಕಣ್ಣು ಹಾಯುವವರೆಗೆ ನೀರೇ ನೀರು. ಮಾಸ್ತರರು ಮತ್ತು ಅವರ ಹೆಂಡತಿ ಗುಡಿಗೆ ಹೋದರು. ಅಕ್ಕ ಹೊಳೆಗೆ ಇಳಿಯುವ ಪಾವಟಿಗೆಯ ಮೇಲೆ ನಿಂತು, ಮುಂದಿನ ಊರು ಯಾವುದು ಎಂದು ಅಂಬಿಗನನ್ನು ಕೇಳಿದಳು.

ಮುಂದೆ ಊರಿಲ್ಲ, ಇದ್ದ ಊರುಗಳೂ ನೀರಲ್ಲಿ ಹೋಗಿವೆ ಅಂದ ಆತ.

ಆಕೆ ಆ ನೀರನ್ನು ನೋಡಿದಳು. ಈ ದಂಡೆ ನೋಡಿದಳು, ಆ ದಂಡೆ ಹುಡುಕಿದಳು. ಫೋಟೋ ಹಿಡಿದ ಕೈ ನಿಧಾನ ಕೆಳಗಾಯಿತು. “ಹಂಗಾರ ಇನ್ನ ಕೇಳೂದು ಯಾರನ್ನ?” ಅಂದಳು. ಅಂಬಿಗ ದೋಣಿಯ ಹಗ್ಗ ಕಟ್ಟುವ ನೆಪ ಮಾಡಿ ಆಚೆ ಹೋದ.

ಅಕ್ಕ ಕೂತಳು. ಕೂತು ಅತ್ತಳು. ಮೂರು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಮುಚ್ಚಿಕೊಳ್ಳಲಿಲ್ಲ, ದನಿಯನ್ನೂ ತಡೆಯಲಿಲ್ಲ. ನಾನು ಅವಳ ಬೆನ್ನು ಸವರುತ್ತ ಕೂತೆ. ಅಳು ನಿಂತ ಮೇಲೆ ಹೊಳೆಯ ನೀರು ಮುಖಕ್ಕೆ ಹಚ್ಚಿಕೊಂಡು, ಎರಡೂ ಕೈ ನನ್ನ ಮುಂದೆ ಚಾಚಿದಳು.

“ತಗಿ.”

ಇಂಥ ಕೆಲಸಕ್ಕೆ ಗಂಡ ಇಲ್ಲದವಳೇ ಬೇಕು, ಪದ್ಧತಿ ಹಾಗೆ. ಅದಕ್ಕೆ ನಾನಿದ್ದೆ. ತೆಗೆ ತೆಗೆ ಅಂತ ಮೂರು ವರ್ಷ ಅವಳ ಜೀವ ತಿಂದವಳೂ ನಾನೇ. ಒಂದು ಬಳೆಗೆ ಬೆರಳು ಹಾಕಿದೆ, ತೆಗೆಯಲಾಗಲಿಲ್ಲ. ಬ್ಯಾಡ ಯಕ್ಕಾ, ಇರಲಿ, ನಾ ತಪ್ಪು ಹೇಳೀನಿ, ಇರಲಿ ಅಂತ ಅವಳ ಕೈಯನ್ನು ನನ್ನ ಎದೆಗೆ ಒತ್ತಿಕೊಂಡು ಅತ್ತೆ. ನನ್ನ ಗಂಡನ ಕುಣಿಯ ಮುಂದೆಯೂ ನಾನು ಹಾಗೆ ಅತ್ತಿರಲಿಲ್ಲ.

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ನಿನ್ನ ಕೈಲಿ ಆಗುವುದಿಲ್ಲ ಬಿಡು ಅಂದಳು. ಮಣಿಕಟ್ಟು ತೋಯಿಸಿಕೊಂಡು, ಒಂದನ್ನೂ ಒಡೆಯದೆ, ಒಂದೊಂದಾಗಿ ತಾನೇ ತೆಗೆದು ನನ್ನ ಉಡಿಯಲ್ಲಿ ಹಾಕಿದಳು. ಇನ್ನೂ ಬೆಚ್ಚಗಿದ್ದವು.